ಬಿಚ್ಚಿ ಹೊಲಿಯಲೆಂದೇ ಹುಟ್ಟಿದ ಬಟ್ಟೆ: ಹಳೆಯ ಕಿಮೋನೊದಿಂದ ಪ್ರದರ್ಶನದ ಕ್ವಿಲ್ಟ್, ಚೀಲ

ಕಿಮೋನೊ ಹೊಲಿಯುವ ಜಪಾನಿ ಬಟ್ಟೆಯ ಪನ್ನ ಸುಮಾರು 36 ಸೆಂಟಿಮೀಟರ್, ಉದ್ದ ಹನ್ನೆರಡು ಮೀಟರಿನ ಆಸುಪಾಸು. ಒಂದು ಉಡುಪಿಗೆ ಒಂದು ತಾನು. ಅದನ್ನು ಕತ್ತರಿಸುವಾಗ ಡೊಂಕು ಗೆರೆಗೆ ಜಾಗವೇ ಇಲ್ಲ. ಬೆನ್ನು, ಎದೆಗೆ ಎರಡು ಉದ್ದ ಪಟ್ಟಿ, ತೋಳಿಗೆ ಎರಡು, ಮುಂಭಾಗದ ಅಂಚಿಗೂ ಕೊರಳಿಗೂ ಅರ್ಧ ಪನ್ನದ ಪಟ್ಟಿಗಳು. ಎಲ್ಲವೂ ಆಯತ. ಹಿಂದಿನ ಕಾಲದಲ್ಲಿ ಕಿಮೋನೊ ಕೊಳೆಯಾದರೆ ಹೊಲಿಗೆಯನ್ನೆಲ್ಲ ಬಿಚ್ಚಿ, ಪಟ್ಟಿಗಳನ್ನು ಸಾಲಾಗಿ ಕೂಡಿಸಿ ಮತ್ತೆ ತಾನಿನ ರೂಪಕ್ಕೆ ತಂದು ಒಗೆಯುತ್ತಿದ್ದರು. ಆಮೇಲೆ ಹಲಗೆಗೆ ಅಂಟಿಸಿಯೋ ಬಿದಿರು ಕಡ್ಡಿಗಳಿಂದ ಬಿಗಿದೋ ಒಣಗಿಸಿ ಪುನಃ ಹೊಲಿಯುತ್ತಿದ್ದರು. ಅರಾಯಿಹಾರಿ ಎಂಬ ಈ ಪದ್ಧತಿಯಿಂದಾಗಿ ಅಮ್ಮನ ಕಿಮೋನೊ ಮಗಳದ್ದಾಯಿತು, ಮಗಳದ್ದು ಹಾಸಿಗೆಯ ಹೊದಿಕೆಯಾಯಿತು, ಕೊನೆಗೆ ಒರಸುವ ಬಟ್ಟೆಯಾಯಿತು.

ಹಳೆಯ ಜಪಾನಿ ಬಟ್ಟೆಯಲ್ಲಿ ಪ್ರದರ್ಶನಕ್ಕೆಂದು ಕ್ವಿಲ್ಟನ್ನೋ ಚೀಲವನ್ನೋ ಹೊಲಿಯಲು ಕೂರುವವರು ಮೊದಲು ಈ ಪನ್ನವನ್ನು ಒಪ್ಪಿಕೊಳ್ಳಬೇಕು. ಪುಸ್ತಕದ ವಿನ್ಯಾಸಕ್ಕೆ ತಕ್ಕಂತೆ ಬಟ್ಟೆಯನ್ನು ಚೂರು ಚೂರು ಮಾಡಿದರೆ ನಮ್ಮ ಕೈಗೆ ಉಳಿಯುವುದು ಯಾವ ದೇಶದ್ದೂ ಆಗಬಹುದಾದ ಚಿಂದಿ. 36 ಸೆಂಟಿಮೀಟರನ್ನೇ ಅಳತೆಗೋಲು ಮಾಡಿಕೊಂಡರೆ ಅರ್ಧ ವಿನ್ಯಾಸವನ್ನು ಬಟ್ಟೆಯೇ ಮಾಡಿಕೊಡುತ್ತದೆ.

ಯಾವ ಬಟ್ಟೆ ಕೊಳ್ಳಬೇಕು

ಮೊದಲ ಕೆಲಸಕ್ಕೆ ನೀಲಿಯ ಹತ್ತಿ ಬಟ್ಟೆಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜಪಾನಿನ ನೀಲಿ ನಮ್ಮ ನೀಲಿ ಗಿಡದ್ದಲ್ಲ, ಬೇರೊಂದು ಗಿಡದ್ದು. ಅದರ ಎಲೆಯನ್ನು ಗೊಬ್ಬರದಂತೆ ಕೊಳೆಸಿ ಸುಕುಮೊ ಎಂಬ ಬಣ್ಣದ ಸಾಮಗ್ರಿ ಮಾಡುವ ಕೆಲಸಕ್ಕೆ ಶಿಕೊಕು ದ್ವೀಪದ ತೊಕುಶಿಮಾ ಪ್ರಸಿದ್ಧ. ಹಳೆಯ ನೀಲಿ ಬಟ್ಟೆ ಹತ್ತಾರು ಒಗೆತ ಕಂಡಿರುತ್ತದೆ. ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ, ಕೈಗೆ ಮೆತ್ತಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ.

ಇದರಲ್ಲಿ ಕಸೂರಿ ಎಂಬುದು ನೂಲನ್ನು ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯುವ ಬಟ್ಟೆ, ನಮ್ಮ ಪೋಚಂಪಳ್ಳಿಯ ಇಕತ್‌ನ ಬಳಗದ್ದು. ಕ್ಯೂಶುವಿನ ಕುರುಮೆಯಲ್ಲಿ ಇದನ್ನು ಬೆಳೆಸಿದ ಹೆಸರು ಇನೊವೆ ದೆನ್ ಎಂಬ ಹೆಣ್ಣುಮಗಳದ್ದು (1788–1869). ಕುರುಮೆ, ಇಯೊ, ಬಿಂಗೊ ಈ ಮೂರು ಕಡೆಯ ಕಸೂರಿಗೆ ದೊಡ್ಡ ಹೆಸರು. ಹಾಸಿಗೆಯ ಹೊದಿಕೆಗೆ ನೇಯ್ದ ಚಿತ್ರಗಸೂರಿಯಲ್ಲಿ ಕೊಕ್ಕರೆ, ಆಮೆ, ಕೋಟೆಗಳೇ ಬಂದುಬಿಡುತ್ತವೆ. ಅಂಥ ತುಂಡು ಸಿಕ್ಕರೆ ಅದನ್ನು ಇಡಿಯಾಗಿ ಕ್ವಿಲ್ಟಿನ ನಡುವೆ ಕೂರಿಸಿ.

ಕತಾಜೋಮೆ ಇನ್ನೊಂದು ಬಗೆ. ಪರ್ಸಿಮನ್ ಹಣ್ಣಿನ ಒಗರು ರಸ ಕುಡಿಸಿದ ಕಾಗದದ ಅಚ್ಚಿನ ಮೂಲಕ ಅಕ್ಕಿಹಿಟ್ಟಿನ ಅಂಟು ಹಚ್ಚಿ, ಬಣ್ಣದಲ್ಲಿ ಅದ್ದಿ, ಅಂಟನ್ನು ತೊಳೆದರೆ ಬಿಳಿಯ ಚಿತ್ತಾರ ಉಳಿಯುತ್ತದೆ. ಬೇಸಿಗೆಯ ಉಡುಪಾದ ಯುಕಾತದ ಹತ್ತಿಗೆ ಚೂಸೆನ್ ಎಂಬ ಕ್ರಮವಿದೆ. ಪದರ ಪದರವಾಗಿ ಮಡಚಿದ ಬಟ್ಟೆಯ ಮೇಲೆ ಬಣ್ಣ ಸುರಿದು ಕೆಳಗಿನಿಂದ ಎಳೆಯುವುದರಿಂದ ಚಿತ್ತಾರ ಎರಡೂ ಮಗ್ಗುಲಲ್ಲಿ ಒಂದೇ ಥರ ಬರುತ್ತದೆ. ಮೇಲ್ಮೈ ಮಾಸಿದ್ದರೆ ತಿರುವಿ ಹಾಕಿಕೊಳ್ಳಬಹುದು. ಕಸೂರಿಗೂ, ಮುಂದೆ ಹೇಳುವ ಮೆಯಿಸೆನ್‌ಗೂ ಇದೇ ಅನುಕೂಲವಿದೆ.

ಮೆಯಿಸೆನ್ 1910ರ ದಶಕದಿಂದ 50ರ ದಶಕದವರೆಗೆ ಜನ ದಿನಬಳಕೆಗೆ ಉಟ್ಟ ರೇಷ್ಮೆ. ಇಸೆಸಾಕಿ, ಚಿಚಿಬು, ಅಶಿಕಾಗಾ ಅದರ ಊರುಗಳು. ಹಾಸಿನ ನೂಲಿಗೆ ಮೊದಲೇ ಚಿತ್ತಾರ ಅಚ್ಚೊತ್ತಿ ನೇಯುವುದರಿಂದ ಅಂಚುಗಳು ಸ್ವಲ್ಪ ಕದಡಿದಂತೆ ಕಾಣುತ್ತವೆ. ಬಣ್ಣಗಳಂತೂ ದಿಟ್ಟ. ಚೀಲಕ್ಕೆ ಇದು ಬಹಳ ಚೆನ್ನ, ಆದರೆ ಒಳಗೆ ಆಸರೆ ಬೇಕೇ ಬೇಕು. ಚಿರಿಮೆನ್ ಎಂಬ ಸುಕ್ಕುರೇಷ್ಮೆ ನೋಡಲು ಬಲು ಸೊಗಸು, ಹೊಲಿಯಲು ಅಷ್ಟೇ ಕಷ್ಟ. ಸೊಂಟದ ಪಟ್ಟಿ ಓಬಿಯಂತೂ ಚೀಲಕ್ಕೆಂದೇ ನೇಯ್ದಷ್ಟು ಗಟ್ಟಿ.

ಈ ಬಟ್ಟೆಗಳ ಚರಿತ್ರೆಯಲ್ಲಿ ಭಾರತದ ಎಳೆಯೂ ಇದೆ. ನಮ್ಮ ಕೋರಮಂಡಲ ತೀರದ ಬಣ್ಣ ಬರೆದ ಹತ್ತಿ ಬಟ್ಟೆ ಡಚ್ ಹಡಗುಗಳಲ್ಲಿ ಜಪಾನಿಗೆ ಹೋಗಿ ಸರಾಸಾ ಎನಿಸಿಕೊಂಡಿತು. ಚಹಾ ವಿಧಿಯ ಬೆಲೆಬಾಳುವ ಪಾತ್ರೆಗಳಿಗೆ ಅದರ ತುಂಡುಗಳಲ್ಲಿ ಚೀಲ ಹೊಲಿದರು. ಪುಟ್ಟ ತುಂಡನ್ನೂ ಚೀಲದ ಗೌರವಕ್ಕೆ ಏರಿಸುವ ಅಭ್ಯಾಸ ಅಲ್ಲಿ ಹಳೆಯದು.

ಜಪಾನಿಗೆ ಹೋಗುವವರು ದಿನಾಂಕ ನೋಡಿಕೊಂಡರೆ ಒಳ್ಳೆಯದು. ಕ್ಯೋಟೊದ ತೋಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳ 21ರಂದು, ಕಿತಾನೊ ತೆನ್‌ಮಂಗುವಿನಲ್ಲಿ 25ರಂದು ಹಳೆಯ ವಸ್ತುಗಳ ಸಂತೆ ಸೇರುತ್ತದೆ. ಕಿಮೋನೊ ರಾಶಿಗಳ ನಡುವೆ ಬಿಡಿ ತುಂಡುಗಳೂ ಸಿಗುತ್ತವೆ. ಟೋಕಿಯೊದ ನಿಪ್ಪೊರಿಯಲ್ಲಿ ಬಟ್ಟೆ ಅಂಗಡಿಗಳದ್ದೇ ಒಂದು ಬೀದಿಯಿದೆ. ತುಂಡಿಗೆ ಹಗಿರೆ ಎಂದೂ, ಬಿಚ್ಚಿಟ್ಟ ಕಿಮೋನೊ ಪಟ್ಟಿಗೆ ಹೊದೊಕಿ ಎಂದೂ ಕೇಳಿ. ಆನ್‌ಲೈನಿನಲ್ಲಿ ತರಿಸುವವರೂ ಹೊದೊಕಿಯನ್ನೇ ಹುಡುಕುವುದು ಲೇಸು. ಪಟ್ಟಿಯ ಎರಡೂ ಮಗ್ಗುಲಿನ ಚಿತ್ರ ಕೇಳಿ, ಬೆಳಕಿಗೆ ಹಿಡಿದು ತೆಗೆದ ಚಿತ್ರವನ್ನೂ ಕೇಳಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಡಿಯಾಗಿರುವ, ಉಡಬಹುದಾದ ಒಳ್ಳೆಯ ಕಿಮೋನೊವನ್ನು ಚೀಲಕ್ಕಾಗಿ ಕತ್ತರಿಸಬೇಡಿ. ಕಲೆಯಾದದ್ದು, ಹರಿದದ್ದು, ಈಗಾಗಲೇ ಬಿಚ್ಚಿದ್ದು ಬೇಕಾದಷ್ಟಿದೆ. ಬೊರೊ ಎಂಬ ತೇಪೆಯ ಬಟ್ಟೆಗಂತೂ ಕತ್ತರಿ ಸೋಕಿಸಲೇಬಾರದು. ಈಶಾನ್ಯ ಜಪಾನಿನ ಚಳಿಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಹಡಗಿನಲ್ಲಿ ಬಂದ ಹಳೆಯ ಹತ್ತಿ ತುಂಡುಗಳನ್ನು ಬಡ ಹೆಂಗಸರು ಪದರದ ಮೇಲೆ ಪದರ ಹೊಲಿದು ಮನೆಮಂದಿಯನ್ನು ಬೆಚ್ಚಗಿಟ್ಟರು. ಆ ಟಾಕಿಗಳೇ ಪೂರ್ಣಗೊಂಡ ಕೃತಿ. ಹಾಗೆಯೇ ಹೊಸ ಬಟ್ಟೆಯನ್ನು ಬೇಕೆಂದೇ ಹರಿದು, ಚಹಾದಲ್ಲಿ ಅದ್ದಿ ಬೊರೊ ಎಂದು ಪ್ರದರ್ಶನಕ್ಕಿಡುವುದನ್ನು ನಾನು ಒಪ್ಪಲಾರೆ.

ಪರೀಕ್ಷೆ, ಬಿಚ್ಚುವಿಕೆ, ಒಗೆತ

ಬಟ್ಟೆ ಮನೆಗೆ ಬಂದ ಕೂಡಲೇ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೂಜಿತೂತು, ಹುಳು ತಿಂದ ಜಾಗ, ಸವೆದು ತೆಳುವಾದ ಜಾಗ ಎಲ್ಲ ಕಾಣುತ್ತವೆ. ಸೀಮೆಸುಣ್ಣದಲ್ಲಿ ಹಿಂಬದಿ ಗುರುತು ಹಾಕಿ. ಆಮೇಲೆ ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಹಾಸಿನ ದಿಕ್ಕಿಗೊಮ್ಮೆ ಹೊಕ್ಕಿನ ದಿಕ್ಕಿಗೊಮ್ಮೆ ಹದವಾಗಿ ಎಳೆಯಿರಿ. ಚರ್ರೆಂದು ಸೀಳಿದರೆ ಆ ಬಟ್ಟೆಯನ್ನು ಭಾರ ಹೊರುವ ಕಡೆ ಬಳಸುವ ಆಸೆ ಬಿಡಿ. ಹಳೆಯ ಕಪ್ಪು, ಕಂದು ಬಣ್ಣಗಳ ಮೇಲೆ ವಿಶೇಷ ಕಣ್ಣಿರಲಿ. ಕಬ್ಬಿಣ ಬೆರೆಸಿ ಬರಿಸಿದ ಕಪ್ಪು ಕಾಲ ಕಳೆದಂತೆ ನೂಲನ್ನೇ ತಿನ್ನುತ್ತದೆ. ನೀಲಿ ಗಟ್ಟಿಯಾಗಿದ್ದು ಪಕ್ಕದ ಕಪ್ಪು ಗೆರೆ ಮಾತ್ರ ಉದುರುವುದಕ್ಕೆ ಇದೇ ಕಾರಣ.

ನೂಲು ಯಾವುದೆಂದು ತಿಳಿಯದಿದ್ದರೆ ಅಂಚಿನಿಂದ ಎರಡೆಳೆ ತೆಗೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಒತ್ತಿದರೆ ಪುಡಿಯಾಗುವ ಕರಿ ಬಿಡುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ರೇಯಾನ್ ಸಹ ಕಾಗದದಂತೆಯೇ ಉರಿಯುವುದರಿಂದ ಮೋಸ ಹೋಗುವುದು ಇಲ್ಲೇ. 1930–40ರ ದಶಕಗಳಲ್ಲಿ ಜಪಾನಿನಲ್ಲಿ ರೇಯಾನ್ ಬಳಕೆ ಬಹಳ ಇತ್ತು. ರೇಷ್ಮೆಯಂತೆ ಹೊಳೆದು ಕಾಗದದಂತೆ ಉರಿದರೆ ರೇಯಾನ್ ಎಂದೇ ತಿಳಿಯಿರಿ. ನೀರಿನಲ್ಲಿ ಅದರ ಶಕ್ತಿ ಕುಂದುತ್ತದೆ. ಒದ್ದೆಯಿದ್ದಾಗ ಹಿಂಡಬಾರದು, ನೇತುಹಾಕಲೂಬಾರದು.

ಇಡೀ ಕಿಮೋನೊ ಬಂದಿದ್ದರೆ ಬಿಚ್ಚುವ ಕೆಲಸಕ್ಕೆ ಒಂದು ಮಧ್ಯಾಹ್ನ ಎತ್ತಿಡಿ. ಕೈಹೊಲಿಗೆಯ ಓಡುಟಾಕಿ ಸಲೀಸಾಗಿ ಬಿಚ್ಚುತ್ತದೆ. ನಾಲ್ಕೈದು ಟಾಕಿಗೊಮ್ಮೆ ಚಿಕ್ಕ ಕತ್ತರಿಯಿಂದ ದಾರ ತುಂಡರಿಸಿ ಎಳೆದರಾಯಿತು. ಕೊರಳಪಟ್ಟಿಯಿಂದ ಶುರುಮಾಡಿ ತೋಳು, ಅಸ್ತರು, ಕೊನೆಗೆ ಮೈಯ ಉದ್ದ ಹೊಲಿಗೆ. ಹೊಲಿಗೆಯೊಳಗೆ ಅಡಗಿದ್ದ ಬಟ್ಟೆ ಮೂಲ ಬಣ್ಣದಲ್ಲೇ ಇದ್ದು ಹೊರಗಿನದು ಮಾಸಿರುವುದರಿಂದ ಪಟ್ಟಿಯ ಅಂಚಿನಲ್ಲಿ ಒಂದು ಗಾಢ ಗೆರೆ ಮೂಡಿರುತ್ತದೆ. ಇದನ್ನು ದೋಷವೆಂದು ಕತ್ತರಿಸಿ ಎಸೆಯುವವರಿದ್ದಾರೆ. ನನ್ನ ಕಣ್ಣಿಗೆ ಅದು ಬಟ್ಟೆಯ ಆಯುಸ್ಸೇ ಬರೆದ ಪಟ್ಟೆ. ಕ್ವಿಲ್ಟಿನ ಚೌಕಗಳಲ್ಲಿ ಆ ಗೆರೆಗಳು ಒಂದೇ ದಿಕ್ಕಿಗೆ ಬರುವಂತೆ ಇಟ್ಟರೆ ನೆರಳು ಬಿದ್ದ ಹಾಗೆ ಕಾಣುತ್ತದೆ.

ಒಗೆಯುವ ಮುನ್ನ ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಪಟ್ಟಿಯ ಮೂಲೆಯನ್ನು ಒತ್ತಿ ನೋಡಿ. ಹತ್ತಿಗೆ ತಣ್ಣೀರು, ಸೌಮ್ಯವಾದ ದ್ರವ ಸೋಪು ಸಾಕು. ನೀಲಿ ಬಿಡುತ್ತಿದ್ದರೆ ಬೇರೆಯಾಗಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ. ಹಿಂಡದೆ ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರವಿ, ಇನ್ನೂ ತೇವವಿರುವಾಗಲೇ ಹಿಂಬದಿಯಿಂದ ಇಸ್ತ್ರಿ ಮಾಡಿ. ಚಿರಿಮೆನ್ ರೇಷ್ಮೆಯನ್ನು ಮಾತ್ರ ನೀರಿಗೆ ಹಾಕಲೇಬೇಡಿ. ಅದರ ಹೊಕ್ಕಿನ ನೂಲನ್ನು ಬಲವಾಗಿ ಹುರಿ ಮಾಡಿರುವುದರಿಂದ ನೀರು ಸೋಕಿದೊಡನೆ ಬಟ್ಟೆ ಕಣ್ಣೆದುರೇ ಮುದುಡಿಕೊಳ್ಳುತ್ತದೆ. ಗಾಳಿಗೆ ಹರವಿ, ಮೇಲೊಂದು ಹತ್ತಿ ಬಟ್ಟೆ ಹಾಕಿ, ಹಬೆಯಿಲ್ಲದೆ ಹದ ಬಿಸಿಯಲ್ಲಿ ಇಸ್ತ್ರಿ ಒತ್ತಿದರೆ ಸಾಕು. ಚಿನ್ನದ ರೇಕು, ಕಸೂತಿ ಇರುವ ಬಟ್ಟೆಗೂ ಇದೇ ನಿಯಮ. ಹಳೆಯ ಹೆಣ್ಣುಕಿಮೋನೊಗಳ ಒಳಗಿನ ಕೆಂಪು ಅಸ್ತರು ಕುಸುಬೆ ಹೂವಿನ ಬಣ್ಣದ್ದಾಗಿದ್ದರೆ ನೀರಿಗೂ ಬಿಡುತ್ತದೆ, ಬೆಳಕಿಗೂ ಮಾಸುತ್ತದೆ. ಅದನ್ನು ಬಿಳಿಯ ಪಕ್ಕ ಹೊಲಿಯಬೇಡಿ.

ಸೊರಗಿದ ಬಟ್ಟೆಗೆ ಆಸರೆ ಕೊಡಲು ದರ್ಜಿ ಅಂಗಡಿಯ ಇಸ್ತ್ರಿಗೆ ಅಂಟುವ ಫ್ಯೂಸಿಂಗ್ ಬಟ್ಟೆ ಸಿಗುತ್ತದೆ. ಅತಿ ತೆಳುವಾದದ್ದನ್ನು ಚೀಲಕ್ಕೆ ಬಳಸಬಹುದು. ಕ್ವಿಲ್ಟಿಗೆ ನಾನು ಹೇಳುವುದು ಮಲ್‌ಮಲ್. ತೊಳೆದು ಕುಗ್ಗಿಸಿದ ಮಲ್‌ಮಲ್ಲನ್ನು ಹಿಂದೆ ಇಟ್ಟು ಕಚ್ಚಾ ಟಾಕಿ ಹಾಕಿದರೆ ಹಳೆಯ ಬಟ್ಟೆಯ ಜೋಲು ಹಾಗೆಯೇ ಉಳಿಯುತ್ತದೆ, ಮುಂದೊಂದು ದಿನ ಯಾರಾದರೂ ದುರಸ್ತಿ ಮಾಡಬೇಕೆಂದರೆ ಬಿಚ್ಚಲೂ ಬರುತ್ತದೆ.

ಕ್ವಿಲ್ಟಿನ ಲೆಕ್ಕ

ಗೋಡೆಗೆ ತೂಗಲು 150 x 180 ಸೆಂ.ಮೀ. ಒಳ್ಳೆಯ ಅಳತೆ. 30 ಸೆಂ.ಮೀ. ಚೌಕಗಳು ಅಡ್ಡಕ್ಕೆ ಐದು, ಉದ್ದಕ್ಕೆ ಆರು, ಒಟ್ಟು 30. ಹೊಲಿಗೆಗೆ ಸುತ್ತಲೂ ಮುಕ್ಕಾಲು ಸೆಂ.ಮೀ. ಬಿಟ್ಟು 31.5 ಸೆಂ.ಮೀ.ಗೆ ಕತ್ತರಿಸಿದರೆ ಪಟ್ಟಿಯ ಒಂದು ಮೀಟರಿಗೆ ಮೂರು ಚೌಕ. ಬಿಚ್ಚಿದ ಒಂದು ಕಿಮೋನೊದಲ್ಲಿ ಮೈಯ ಎರಡು ಪಟ್ಟಿ ಸುಮಾರು ಮೂರು ಮೂರು ಮೀಟರ್, ತೋಳಿನವು ಒಂದೊಂದು ಮೀಟರ್. ಕೊರಳ ಬಳಿಯ ಸೀಳನ್ನು ಕಳೆದರೆ 22ರಿಂದ 24 ಚೌಕ ಸಿಗುತ್ತವೆ. ಉಳಿದ ಆರೆಂಟು ಚೌಕಗಳಿಗೆ ಬೇರೆ ಬಟ್ಟೆ ತರಲೇಬೇಕು. ವಿನ್ಯಾಸ ಹುಟ್ಟುವುದೂ ಇಲ್ಲಿಯೇ: ಕಡುನೀಲಿಯ ಬಯಲಿನಲ್ಲಿ ಆ ಕೆಲವನ್ನು ಎಲ್ಲಿಡುತ್ತೀರಿ? ನಾಲ್ಕೂ ಮೂಲೆಗೆ ಹಂಚಿದರೆ ಸಪ್ಪೆ. ಒಂದು ಬದಿಗೆ ಗುಂಪಾಗಿ, ಏರಿಳಿತದಲ್ಲಿ ಇಟ್ಟು ಗೋಡೆಗೆ ಸಿಕ್ಕಿಸಿ ದೂರ ನಿಂತು ನೋಡಿ. ಒಂದೆರಡು ದಿನ ಹಾಗೇ ಇರಲಿ. ಹೊಲಿಯುವ ಮುನ್ನ ಫೋನಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದರೆ ಗಾಢ, ತಿಳಿ ಛಾಯೆಗಳ ತೂಕ ಸ್ಪಷ್ಟವಾಗುತ್ತದೆ.

ಅರ್ಧ ಪನ್ನದ ಕೊರಳಪಟ್ಟಿಯನ್ನು ಆರು ಸೆಂ.ಮೀ. ಅಗಲಕ್ಕೆ ಸೀಳಿ ಅಂಚುಪಟ್ಟಿ ಮಾಡಿಕೊಳ್ಳಿ. ಹಿಂಬದಿಗೆ ಒಂದು ಯುಕಾತ ತಾನು ಸಾಕು: 190 ಸೆಂ.ಮೀ. ಉದ್ದದ ಐದು ಪಟ್ಟಿ, ಒಟ್ಟು ಒಂಬತ್ತೂವರೆ ಮೀಟರ್. ನಡುವಿನ ಹತ್ತಿ ಹಾಳೆ ತೆಳುವಾಗಿರಲಿ, ಕಸೂರಿಗೆ ತನ್ನದೇ ದಪ್ಪವಿದೆ.

ನೀಲಿಯನ್ನೇ ಜೀವಮಾನದ ಕೆಲಸ ಮಾಡಿಕೊಂಡ ಶಿಜುಕೊ ಕುರೋಹಾ ಅವರ ಕ್ವಿಲ್ಟುಗಳನ್ನು ಸಿಕ್ಕಲ್ಲೆಲ್ಲ ನೋಡಿ. 1970ರ ದಶಕದಲ್ಲಿ ಅಮೆರಿಕದಲ್ಲಿದ್ದಾಗ ಕ್ವಿಲ್ಟ್ ಕಂಡು ಮರುಳಾದವರು, ತಮ್ಮ ದೇಶದ ಹಳೆಯ ನೀಲಿ ಬಟ್ಟೆಗಳಿಂದ ಅದನ್ನು ಮತ್ತೆ ಕಟ್ಟಿದರು. ಎಷ್ಟೊಂದು ನೀಲಿಗಳಿವೆ ಎಂಬುದು ಅವರ ಕೆಲಸದ ಮುಂದೆ ನಿಂತಾಗ ತಿಳಿಯುತ್ತದೆ. ಬೂದು, ಕಂದು ಛಾಯೆಗಳ ಸೂಕ್ಷ್ಮ ಕಲಿಯಲು ಯೋಕೊ ಸಾಯಿತೊ ಅವರ ಕೆಲಸ ನೋಡಬೇಕು.

ಪದರಗಳನ್ನು ಬಂಧಿಸಲು ಸಶಿಕೊ ಟಾಕಿಯಷ್ಟು ಒಪ್ಪುವುದು ಬೇರೆಯಿಲ್ಲ. ಸಡಿಲ ಹುರಿಯ ದಪ್ಪ ಹತ್ತಿ ದಾರ, ಉದ್ದ ಸೂಜಿ. ಸೂಜಿಯ ಮೇಲೆ ನಾಲ್ಕಾರು ಟಾಕಿ ಪೋಣಿಸಿಕೊಂಡು ಒಮ್ಮೆಗೇ ಎಳೆಯುವುದು ಕ್ರಮ. ಇಂಚಿಗೆ ಐದಾರು ಟಾಕಿ, ಮೇಲೆ ಕಾಣುವುದು ಮೂರು ಪಾಲು ಉದ್ದವಾದರೆ ಕೆಳಗಿನದು ಎರಡು ಪಾಲು. ಒಂದು ಸಾಲು ಮುಗಿದಾಗ ಬಟ್ಟೆಯನ್ನು ಬೆರಳಿನಿಂದ ಸವರಿ ದಾರಕ್ಕೆ ಸ್ವಲ್ಪ ಸಡಿಲ ಕೊಡಿ, ಇಲ್ಲವಾದರೆ ಕ್ವಿಲ್ಟ್ ಸುಕ್ಕುಗಟ್ಟಿ ಪ್ರದರ್ಶನದ ಗೋಡೆಯ ಮೇಲೆ ನೆಟ್ಟಗೆ ತೂಗದು. ಆಸಾನೊಹಾ ಎಂಬ ನಕ್ಷತ್ರದಂಥ ಎಲೆ, ಸೆಯಿಗಾಯಿಹಾ ಎಂಬ ಅಲೆಗಳು ಕಲಿಯಲು ಸುಲಭ. ಗೆರೆಗಳು ಕೂಡುವ ಬಿಂದುವಿನಲ್ಲಿ ಟಾಕಿಗಳು ಒಂದರ ಮೇಲೊಂದು ಬೀಳದೆ ಪುಟ್ಟ ಖಾಲಿ ಜಾಗ ಉಳಿಯಬೇಕು.

ಕೌದಿ ಹೊಲಿದ ಕೈಗೆ ಇದೆಲ್ಲ ಅಪರಿಚಿತವೇನಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ತುಂಡು ಸೇರಿಸುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ತೇಪೆ ಕೂಡಿಸುವುದೂ ಪದರ ಬಂಧಿಸುವುದೂ ಒಂದೇ ಓಡುಟಾಕಿಯಲ್ಲಿ ಮುಗಿಯುತ್ತದೆ. ಮನೆಯಲ್ಲಿ ಕೌದಿ ಹೊಲಿಯುವ ಅಜ್ಜಿಯೋ ಅತ್ತೆಯೋ ಇದ್ದರೆ ಸಶಿಕೊ ಕಲಿಯಲು ತರಗತಿ ಹುಡುಕುವ ಮೊದಲು ಅವರ ಪಕ್ಕ ಕೂತು ಕೈ ಪಳಗಿಸಿಕೊಳ್ಳಿ.

ಚೀಲಗಳು

ಅಜುಮಾಬುಕುರೊ ಎಂಬ ಗಂಟುಚೀಲ ಈ ಪನ್ನಕ್ಕೆಂದೇ ಹೇಳಿಮಾಡಿಸಿದ್ದು. ಅಗಲದ ಮೂರರಷ್ಟು ಉದ್ದ, ಅಂದರೆ 36 x 108 ಸೆಂ.ಮೀ. ಪಟ್ಟಿ ಸಾಕು. ನಾಲ್ಕೂ ಅಂಚನ್ನು ಸಣ್ಣಗೆ ಮಡಚಿ ಹೊಲಿದು, ಅಂದದ ಮಗ್ಗುಲು ಮೇಲೆ ಬರುವಂತೆ ಅಡ್ಡಲಾಗಿ ಹಾಸಿ. ಮನಸ್ಸಿನಲ್ಲೇ ಮೂರು ಸಮಭಾಗ ಮಾಡಿಕೊಳ್ಳಿ. ಎಡಭಾಗವನ್ನು ನಡುಭಾಗದ ಮೇಲೆ ಮಡಚಿ ಕೆಳಗಿನ ಅಂಚನ್ನು ಮಾತ್ರ ಹೊಲಿಯಿರಿ. ಈಗ ಆ ಭಾಗವನ್ನು ಪಕ್ಕಕ್ಕೆ ಸರಿಸಿ, ಬಲಭಾಗವನ್ನು ನಡುಭಾಗದ ಮೇಲೆ ಮಡಚಿ ಮೇಲಿನ ಅಂಚನ್ನು ಮಾತ್ರ ಹೊಲಿಯಿರಿ. ತಿರುವಿದರೆ ಎರಡು ಕಿವಿಗಳ ಚೀಲ ಸಿದ್ಧ. ಕಿವಿಗಳನ್ನು ಗಂಟು ಹಾಕಿದರೆ ಅದೇ ಹಿಡಿ. ಒಂದು ಚೂರೂ ವ್ಯರ್ಥವಾಗುವುದಿಲ್ಲ.

ಪ್ರದರ್ಶನಕ್ಕೆ ಇನ್ನೂ ಮೆರುಗು ಬೇಕೆನ್ನುವವರಿಗೆ ಕೊಮೆಬುಕುರೊ ಇದೆ. ದೇವಾಲಯಕ್ಕೆ ಅಕ್ಕಿ ಒಯ್ಯುತ್ತಿದ್ದ ಚೀಲ. 20 ಸೆಂ.ಮೀ. ಚೌಕಗಳು ಐದು: ತಳಕ್ಕೊಂದು, ಗೋಡೆಗೆ ನಾಲ್ಕು. ಪ್ರತಿ ಚೌಕವನ್ನೂ ತುಂಡುಗಳಿಂದ ಕಟ್ಟಬಹುದು. ಒಳಗೆ ಅಷ್ಟೇ ಅಳತೆಯ ಅಸ್ತರು, ಬಾಯಿಯ ಸುತ್ತ ಬಟ್ಟೆಯ ಕುಣಿಕೆಗಳು, ಅವುಗಳಲ್ಲಿ ಹಾಯುವ ದಪ್ಪ ಹುರಿ.

ಹಿಡಿ, ತಳದ ಮೂಲೆ, ಬಾಯಂಚು ಈ ಮೂರು ಕಡೆ ಹಳೆಯ ಸೊರಗಿದ ಬಟ್ಟೆ ಬೇಡ. ಅಲ್ಲಿಗೆ ಓಬಿಯ ತುಂಡು, ಹೊಸ ಕ್ಯಾನ್ವಾಸ್ ಅಥವಾ ಚರ್ಮ ಬಳಸಿ. ಓಬಿಯೊಳಗಿನ ಗಟ್ಟಿ ಹತ್ತಿ ಹಾಳೆಯನ್ನೂ ಎಸೆಯದೆ ಚೀಲದ ತಳಕ್ಕೆ ಇಡಬಹುದು. ಅಯಸ್ಕಾಂತದ ಗುಂಡಿ ಹಾಕುವುದಾದರೆ ಹಿಂದೆ ಕ್ಯಾನ್ವಾಸ್ ಚೂರು ಇಟ್ಟೇ ಹಾಕಿ. ಕಪ್ಪು ಕಿಮೋನೊಗಳ ಮೇಲೆ ಬಿಳಿಯ ಮನೆತನದ ಲಾಂಛನ ಇರುತ್ತದೆ. ಅದು ಒಂದು ಕುಟುಂಬದ ಗುರುತು. ಬಳಸುವುದಾದರೆ ಚೀಲದ ತಳಕ್ಕೆ ಬಾರದಂತೆ, ಎದುರಿಗೆ ಮರ್ಯಾದೆಯಿಂದ ಇಡಿ. ತೀರ್ಪುಗಾರರು ಚೀಲದ ಒಳಗೂ ಕೈ ಹಾಕಿ ನೋಡುತ್ತಾರೆ, ಅಸ್ತರಿನ ಹೊಲಿಗೆ ಹೊರಗಿನಷ್ಟೇ ಅಚ್ಚುಕಟ್ಟಾಗಿರಬೇಕು.

ಗೋಡೆಗೇರಿಸುವ ಮುನ್ನ

ಟೋಕಿಯೊ ಡೋಮ್‌ನಲ್ಲಿ 2002ರಿಂದ ವರ್ಷವರ್ಷವೂ ಜನವರಿಯಲ್ಲಿ ನಡೆಯುತ್ತಿದ್ದ ಕ್ವಿಲ್ಟ್ ಉತ್ಸವವಿರಲಿ, ಹ್ಯೂಸ್ಟನ್‌ನ ಅಂತಾರಾಷ್ಟ್ರೀಯ ಉತ್ಸವವಿರಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಗ್ಯಾಲರಿಯಲ್ಲಿ ನಾಲ್ಕು ಜನ ಗೆಳತಿಯರು ಸೇರಿ ಇಡುವ ಪ್ರದರ್ಶನವಿರಲಿ, ಕ್ವಿಲ್ಟ್ ನೆಟ್ಟಗೆ ತೂಗಬೇಕು. ಹಿಂಬದಿಯ ಮೇಲಂಚಿನಲ್ಲಿ 10 ಸೆಂ.ಮೀ. ಅಗಲದ ಕೊಳವೆಯಂಥ ಪಟ್ಟಿ ಹೊಲಿಯಿರಿ. ಕ್ವಿಲ್ಟಿನ ಅಗಲಕ್ಕಿಂತ ಅದು ಎರಡೂ ಬದಿ ತುಸು ಗಿಡ್ಡವಿರಲಿ. ಅದರ ಹೊರಮೈಯನ್ನು ಸ್ವಲ್ಪ ಉಬ್ಬಿಸಿ ಹೊಲಿದರೆ ಒಳಗಿನ ಕೋಲಿನ ಉಬ್ಬು ಮುಂದಕ್ಕೆ ಕಾಣುವುದಿಲ್ಲ. ಪ್ರವೇಶಪತ್ರ ತುಂಬುವ ಮೊದಲು ಅಳತೆ, ಫೋಟೊ, ಕೊನೆಯ ದಿನದ ನಿಯಮಗಳನ್ನು ಓದಿ. ಒಂದೊಂದು ಕಡೆ ಒಂದೊಂದು ಬಗೆ ಇರುತ್ತದೆ.

ಹಿಂದೆ ಬಟ್ಟೆಯ ಚೀಟಿ ಹೊಲಿಯಿರಿ: ಹೆಸರು, ಕೃತಿಯ ಹೆಸರು, ವರ್ಷ, ಅಳತೆ, ಯಾವ ಬಟ್ಟೆ ಎಂಬ ವಿವರ. ಬಟ್ಟೆಯ ಕಾಲ ಖಚಿತವಿಲ್ಲದಿದ್ದರೆ ‘ಹಳೆಯ ಕಿಮೋನೊ ಹತ್ತಿ, ಕಸೂರಿ’ ಎಂದಷ್ಟೇ ಬರೆಯಿರಿ. ಮಾರಿದವರು ನೂರು ವರ್ಷದ್ದೆಂದರು ಎಂಬ ಕಾರಣಕ್ಕೆ ನೂರು ವರ್ಷ ಎಂದು ಬರೆಯುವುದು ನೋಡುವವರಿಗೂ ಬಟ್ಟೆಗೂ ಮಾಡುವ ಅನ್ಯಾಯ.

ಬಿಸಿಲು ಬೀಳುವ ಗೋಡೆ ಕೊಟ್ಟರೆ ಬೇರೆ ಗೋಡೆ ಕೇಳಿ ಪಡೆಯಿರಿ. ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗೆ ಸುಮಾರು 50 ಲಕ್ಸ್ ಬೆಳಕಿನ ಮಿತಿ ಇಟ್ಟುಕೊಳ್ಳುತ್ತವೆ. ಅಷ್ಟು ಮಂದ ಸಾಧ್ಯವಾಗದಿದ್ದರೂ ದೀಪವನ್ನು ನೇರ ಬಟ್ಟೆಗೆ ಹಾಯಿಸದಂತೆ ಹೇಳಬಹುದು. ಚೀಲಗಳ ಒಳಗೆ ತೊಳೆದ ಬಿಳಿ ಮಲ್‌ಮಲ್ ತುಂಬಿ ಆಕಾರ ಕೊಡಿ. ಸಾಗಿಸುವಾಗ ಕ್ವಿಲ್ಟನ್ನು ಮಡಚದೆ, ಮುಂಬದಿ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಿ, ಮೇಲೆ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಬೂಸಲು ಹಿಡಿಯುತ್ತದೆ. ನುಸಿಗುಳಿಗೆ ಇಡುವುದಾದರೆ ಬಟ್ಟೆಗೆ ತಾಗದಂತೆ ಬೇರೆ ಗಂಟು ಕಟ್ಟಿ ಮೂಲೆಯಲ್ಲಿಡಿ. ಪ್ರದರ್ಶನ ಮುಗಿದ ಮೇಲೆ ಕೆಲವು ತಿಂಗಳು ಕತ್ತಲೆಯಲ್ಲಿ ಸುತ್ತಿಟ್ಟು, ಮಳೆ ನಿಂತ ಒಣ ದಿನವೊಂದರಲ್ಲಿ ಬಿಡಿಸಿ ನೆರಳಿನ ಗಾಳಿಗೆ ಹರವಿ, ಟಾಕಿಗಳನ್ನೂ ಅಂಚನ್ನೂ ಒಮ್ಮೆ ಪರಿಶೀಲಿಸಿ ಮತ್ತೆ ಸುತ್ತಿಡಿ.